ಎಸಿ ಕಥೆಯಲ್ಲಿ ಬಿಟ್ಟುಹೋದ ಬೆಲ್‌ಫಾಸ್ಟ್

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಭಾನುವಾರದ ಪುರವಣಿಯಲ್ಲಿ ಎಸಿ ಹುಟ್ಟಿದ ಕಥೆ ಬಂದಿತ್ತು. ಖುಷಿಯಿಂದ ಓದಿದೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಪ್ರಿಂಟಿಂಗ್ ಪ್ರೆಸ್ಸು, ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುತ್ತಿದ್ದ ಕಾಗದ, ಒಂದರ ಮೇಲೊಂದು ಸರಿಯಾಗಿ ಕೂರದ ಬಣ್ಣಗಳು, ಅದನ್ನು ಸರಿಪಡಿಸಲು ಬಂದ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್. ಇಷ್ಟೂ ಸರಿಯಾಗಿಯೇ ಇದೆ. ಆದರೆ ಲೇಖನ ಅಲ್ಲಿಂದ ಒಂದೇ ಜಿಗಿತಕ್ಕೆ ನಮ್ಮ ಬೆಡ್‌ರೂಮಿನ ಗೋಡೆಗೆ ಬಂದುಬಿಟ್ಟಿತು. ನಡುವೆ ಒಂದು ಕಂಪನಿ, ಒಂದು ಆಸ್ಪತ್ರೆ, ಟೀ ತೋಟಕ್ಕೆ ಬಂದ ಒಬ್ಬ ಹುಡುಗ, ಇವರೆಲ್ಲ ಬಿಟ್ಟುಹೋದರು. ಅವರನ್ನು ಬಿಟ್ಟರೆ ಎಸಿ ಅಂದ್ರೆ ತಂಪು ಮಾಡುವ ಪೆಟ್ಟಿಗೆ ಅಷ್ಟೇ ಅನ್ನುವ ತಪ್ಪು ತಿಳಿವಳಿಕೆ ಹಾಗೇ ಉಳಿಯುತ್ತದೆ. ಪತ್ರ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಮಂಗಳೂರಿನ ಒಂದು ಆಸ್ಪತ್ರೆಯ ಎಸಿ ಪ್ಲಾಂಟಿನಲ್ಲಿ ದುಡಿದವನು. ಐಟಿಐ ಮುಗಿಸಿ ಹೆಲ್ಪರ್ ಆಗಿ ಸೇರಿ, ಮೇಲ್ವಿಚಾರಕನಾಗಿ ನಿವೃತ್ತನಾದೆ. ನಮ್ಮ ಕೆಲಸ ಯಾರಿಗೂ ಕಾಣುವುದಿಲ್ಲ. ಬೇಸ್‌ಮೆಂಟಿನಲ್ಲಿ ನೀರು ತಣಿಸುವ ಚಿಲ್ಲರ್, ತಾರಸಿ ಮೇಲೆ ಅದರ ಬಿಸಿ ಹೊರಹಾಕುವ ಕೂಲಿಂಗ್ ಟವರ್, ಎರಡರ ನಡುವೆ ಪ್ರತಿ ಮಹಡಿಯಲ್ಲೂ ಒಂದೊಂದು ಎ.ಎಚ್.ಯು. ಕೋಣೆ. ಗಾಳಿಯನ್ನು ಸೋಸಿ, ತಣಿಸಿ, ಡಕ್ಟಿಗೆ, ಅಂದರೆ ಗಾಳಿ ಕೊಳವೆಗೆ, ನೂಕುವ ದೊಡ್ಡ ಪೆಟ್ಟಿಗೆ ಇರುವುದು ಆ ಕೋಣೆಯಲ್ಲಿ. ಆ ಪೆಟ್ಟಿಗೆಯ ಒಳಗೆ ತಿರುಗುವ ಬ್ಲೋವರ್‌ನ, ಅಂದರೆ ಗಾಳಿ ನೂಕುವ ಫ್ಯಾನಿನ, ಮೂಲ ಹುಡುಕುತ್ತಾ ಹೋದವನು ನಾನು. ಹೋಗಿ ಮುಟ್ಟಿದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿಗೆ. ಅಲ್ಲಿಂದ ಇನ್ನೂ ಹಿಂದಕ್ಕೆ ಹೋದರೆ ನಮ್ಮದೇ ದೇಶದ ಕಾಚಾರ್‌ಗೆ.

1864ರಲ್ಲಿ ಸ್ಯಾಮ್ಯುಯಲ್ ಕ್ಲೀಲ್ಯಾಂಡ್ ಡೇವಿಡ್‌ಸನ್ ಎಂಬ ಹುಡುಗ ಉತ್ತರ ಐರ್ಲೆಂಡಿನಿಂದ ಹೊರಟು ಅಸ್ಸಾಂ ಕಡೆಯ ಕಾಚಾರ್ ಜಿಲ್ಲೆಗೆ ಬಂದ. ಹುಟ್ಟಿದ್ದು 1846ರಲ್ಲಿ ಕೌಂಟಿ ಡೌನ್‌ನಲ್ಲಿ, ಅಂದರೆ ಬಂದಾಗ ಇನ್ನೂ ಮೀಸೆ ಚಿಗುರುವ ವಯಸ್ಸು. ಅಪ್ಪ ಕಾಚಾರ್‌ನ ಒಂದು ಟೀ ತೋಟದಲ್ಲಿ ಪಾಲು ತೆಗೆದುಕೊಂಡಿದ್ದ. ಹುಡುಗ ಕೆಲಸ ಕಲಿತು, ತೋಟ ನೋಡಿಕೊಳ್ಳುವ ಮಟ್ಟಕ್ಕೆ ಬೆಳೆದ.

ಆಗ ಟೀ ಒಣಗಿಸುತ್ತಿದ್ದುದು ಹೇಗೆ ಅಂತ ಸ್ವಲ್ಪ ನೋಡಬೇಕು. ಎಲೆ ಕಿತ್ತು, ಬಾಡಿಸಿ, ಕೈಯಲ್ಲೇ ಹೊಸಕಿ ಸುರುಳಿ ಮಾಡುತ್ತಿದ್ದರು. ಆಮೇಲೆ ಅದನ್ನು ಹುಳಿಯಲು ಬಿಟ್ಟು, ಬುಟ್ಟಿ ತಟ್ಟೆಗಳಲ್ಲಿ ಹರಡಿ, ಇದ್ದಿಲ ಕೆಂಡದ ಮೇಲೆ ಇಟ್ಟು ಒಣಗಿಸುವುದು. ಇದ್ದಿಲಿಗಾಗಿ ಕಾಡು ಕಡಿಯಬೇಕು. ಒಂದು ಬುಟ್ಟಿ ಹದವಾದರೆ ಪಕ್ಕದ್ದು ಸೀಯುತ್ತದೆ, ಮತ್ತೊಂದು ಹಸಿಯೇ ಉಳಿಯುತ್ತದೆ. ಕೆಂಡದ ಹೊಗೆ ಎಲೆಗೂ ಹತ್ತುತ್ತದೆ, ಆ ಕೋಣೆಯಲ್ಲಿ ದಿನವಿಡೀ ನಿಂತವರ ಎದೆಗೂ ಹತ್ತುತ್ತದೆ. ನಿಂತವರು ಯಾರು? ದೂರದ ಊರುಗಳಿಂದ ಒಪ್ಪಂದದ ಮೇಲೆ ಕರೆತಂದ ಕೂಲಿಗಳು. ಒಪ್ಪಂದ ಮುರಿದು ಓಡಿಹೋದರೆ ಹಿಡಿದು ತರುವ ಹಕ್ಕನ್ನು ಕಾನೂನೇ ತೋಟದ ಮಾಲೀಕರಿಗೆ ಕೊಟ್ಟಿತ್ತು. ಬೆಲ್‌ಫಾಸ್ಟಿನ ಕಾರ್ಖಾನೆಯ ಕಥೆ ಹೇಳುವಾಗ ಈ ಜನರನ್ನು ಮರೆತರೆ ಕಥೆ ಅರ್ಧ ಮಾತ್ರ ಹೇಳಿದ ಹಾಗೆ. ಅವರು ಆ ಹೊಗೆಯಲ್ಲಿ ನಿಂತಿದ್ದರಿಂದಲೇ ಡೇವಿಡ್‌ಸನ್‌ಗೆ ಆ ಕೆಲಸದ ತೊಡಕು ಕಣ್ಣೆದುರಿಗೆ ಸಿಕ್ಕಿತು.

ಡೇವಿಡ್‌ಸನ್‌ಗೆ ಹೊಳೆದದ್ದು ಸರಳ ವಿಚಾರ. ಎಲೆಗೆ ಬೇಕಾದದ್ದು ಬೆಂಕಿಯಲ್ಲ, ಬಿಸಿ ಗಾಳಿ. ಒಲೆಯ ಹೊಗೆ ಚಿಮಣಿಯಲ್ಲಿ ತನ್ನ ಪಾಡಿಗೆ ಹೋಗಲಿ. ಒಲೆಯ ಹೊರಮೈ ಸವರಿ ಬಿಸಿಯಾದ ಶುದ್ಧ ಗಾಳಿ ಮಾತ್ರ ಎಲೆ ಹರಡಿದ ತಟ್ಟೆಗಳ ಮೂಲಕ ಹಾದುಹೋಗಲಿ. 1870ರ ದಶಕದ ಕೊನೆಯ ಹೊತ್ತಿಗೆ ಇಂಥ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. ಬೆಲ್‌ಫಾಸ್ಟಿಗೆ ಮರಳಿ, ಮೊದಲು ಬೇರೆಯವರ ಕಾರ್ಖಾನೆಯಲ್ಲಿ ಯಂತ್ರ ಮಾಡಿಸಿ, 1881ರಲ್ಲಿ ಬೆರಳೆಣಿಕೆಯ ಕೆಲಸಗಾರರನ್ನು ಇಟ್ಟುಕೊಂಡು ಸ್ವಂತ ಕಂಪನಿ ಶುರು ಮಾಡಿದ. ಡೇವಿಡ್‌ಸನ್ ಆ್ಯಂಡ್ ಕಂಪನಿ ಅಂತ ಅದರ ಹೆಸರು. ಕಾರ್ಖಾನೆಗೂ ಯಂತ್ರಕ್ಕೂ ಸಹಾರಾ ಕಡೆಯಿಂದ ಬೀಸುವ ಬಿಸಿಗಾಳಿಯ ಹೆಸರಿಟ್ಟ, ಸಿರೋಕೋ. ಒಣಗಿಸುವ ಯಂತ್ರ, ಎಲೆ ಹೊಸಕುವ ಯಂತ್ರ, ಸೋಸುವ ಯಂತ್ರ, ಪ್ಯಾಕ್ ಮಾಡುವ ಯಂತ್ರ, ಹೀಗೆ ಟೀ ಫ್ಯಾಕ್ಟರಿಗೆ ಬೇಕಾದದ್ದೆಲ್ಲ ಬೆಲ್‌ಫಾಸ್ಟಿನ ಲಗಾನ್ ನದಿ ದಂಡೆಯಿಂದ ಹಡಗು ಹತ್ತಿ ಕಲ್ಕತ್ತಾ, ಕೊಲಂಬೊ ಕಡೆ ಬರತೊಡಗಿತು.

ಇಲ್ಲಿಯವರೆಗೆ ಇದು ಟೀ ಕಥೆ. ಎಸಿ ಕಥೆಗೆ ತಿರುಗುವುದು ಫ್ಯಾನಿನಿಂದ.

ಬಿಸಿ ಗಾಳಿ ತನ್ನಷ್ಟಕ್ಕೆ ಮೇಲೇರುತ್ತದೆ ನಿಜ. ಆದರೆ ಎಲೆಯ ಪದರ ದಪ್ಪವಾದರೆ ಅದರೊಳಗೆ ತೂರುವಷ್ಟು ಜೋರು ಅದಕ್ಕಿಲ್ಲ. ನೂಕಬೇಕು. ಆ ಕಾಲದ ದೊಡ್ಡ ಫ್ಯಾನ್‌ಗಳಲ್ಲಿ ನಡುವಿನ ಗುಂಬದಿಂದ ಹೊರಟ ಕೆಲವೇ ಉದ್ದ ರೆಕ್ಕೆಗಳಿರುತ್ತಿದ್ದವು. ಗಾತ್ರ ದೊಡ್ಡದು, ಸದ್ದು ಜಾಸ್ತಿ, ಗಾಳಿ ಕಡಿಮೆ. ಡೇವಿಡ್‌ಸನ್ ಆ ಉದ್ದ ರೆಕ್ಕೆಗಳನ್ನೇ ತೆಗೆದುಹಾಕಿದ. ಚಕ್ರದ ನಡುವೆ ಖಾಲಿ ಬಿಟ್ಟು, ಗಾಳಿ ಒಳಗೆ ಬರಲು ಅಗಲವಾದ ಬಾಯಿ ಕೊಟ್ಟ. ಅಂಚಿನಲ್ಲಿ ಸುತ್ತಲೂ ಹತ್ತಾರು ಕಿರಿದಾದ ಪಟ್ಟಿಗಳನ್ನು ಒತ್ತೊತ್ತಾಗಿ ನಿಲ್ಲಿಸಿದ. ಪ್ರತಿ ಪಟ್ಟಿಯೂ ಬೊಗಸೆಯ ಹಾಗೆ ಬಾಗಿದೆ, ಬಾಗಿರುವುದು ಚಕ್ರ ತಿರುಗುವ ದಿಕ್ಕಿಗೇ. ಗುಟ್ಟು ಇರುವುದು ಆ ಬಾಗಿನಲ್ಲಿ. ಪಟ್ಟಿಯ ತುದಿ ಓಡುವ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಗಾಳಿ ಹೊರಗೆ ಚಿಮ್ಮುತ್ತದೆ. ಹಾಗಾಗಿ ಚಕ್ರ ಚಿಕ್ಕದಿದ್ದರೂ, ನಿಧಾನ ತಿರುಗಿದರೂ ಗಾಳಿ ರಾಶಿ ಬರುತ್ತದೆ. ನಿಧಾನ ತಿರುಗುವುದರಿಂದ ಗದ್ದಲವೂ ಕಡಿಮೆ. ಇದಕ್ಕೆ ಪೇಟೆಂಟ್ ಸಿಕ್ಕಿದ್ದು 1898ರಲ್ಲಿ.

ನಿಮ್ಮ ಓದುಗರು ಇದನ್ನು ಕಣ್ಣಾರೆ ನೋಡಬಹುದು. ಹಳೆ ವಿಂಡೋ ಎಸಿ ಬಿಚ್ಚಿದಾಗ ಒಳಭಾಗದಲ್ಲಿ ಅಳಿಲು ಓಡುವ ಪಂಜರದಂಥ ಒಂದು ಚಕ್ರ ಕಾಣುತ್ತದಲ್ವಾ, ಅದೇ. ಕಾರಿನ ಡ್ಯಾಶ್‌ಬೋರ್ಡ್ ಹಿಂದೆ ಗುಂಯ್ ಅನ್ನುವ ಬ್ಲೋವರ್ ಕೂಡ ಅದೇ. ಮದುವೆ ಹಾಲು, ಸಿನಿಮಾ ಥಿಯೇಟರು, ಆಸ್ಪತ್ರೆಗಳ ಡಕ್ಟ್ ಎಸಿಗಳಲ್ಲಿ ತಿರುಗುವುದೂ ಬಹುತೇಕ ಅದೇ ತಳಿ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಯಲ್ಲಿರುವ ಉದ್ದ ರೋಲರ್ ಮಾತ್ರ ಬೇರೆ ಜಾತಿ, ಅದನ್ನು ಇದರ ಜೊತೆ ಸೇರಿಸಬಾರದು. ನಮ್ಮ ಕಸುಬಿನಲ್ಲಿ ಇವತ್ತಿಗೂ ಮುಂದಕ್ಕೆ ಬಾಗಿದ ಬ್ಲೇಡಿನ ಬ್ಲೋವರ್‌ಗೆ ಸಿರೋಕೋ ಅಂತ ಹೇಳುವವರಿದ್ದಾರೆ. ಕಂಪನಿಯ ಹೆಸರೇ ಸಾಮಾನಿನ ಹೆಸರಾಗಿ ಉಳಿದಿದೆ.

ಫ್ಯಾನ್ ಒಂದು ಸಲ ಸಿಕ್ಕಿದ ಮೇಲೆ ಅದು ಟೀ ಫ್ಯಾಕ್ಟರಿಯ ಒಳಗೇ ಕೂರಲಿಲ್ಲ. ಗಣಿಗಳಿಗೆ ಗಾಳಿ ಕಳಿಸಲು, ಹಡಗಿನ ಬಾಯ್ಲರ್‌ಗಳಿಗೆ ಗಾಳಿ ಊದಲು, ಮಿಲ್ಲುಗಳ ಧೂಳು ಎಳೆಯಲು, ಎಲ್ಲದಕ್ಕೂ ಹೋಯಿತು. ಬೆಲ್‌ಫಾಸ್ಟ್ ಆಗ ಹಡಗು ಕಟ್ಟುವ ಊರು, ಲಿನನ್ ನೇಯುವ ಊರು. ಎರಡೂ ಕಸುಬಿಗೆ ಗಾಳಿ ಬೇಕೇ ಬೇಕು.

ಈಗ ಆಸ್ಪತ್ರೆಗೆ ಬರುತ್ತೇನೆ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು.

ಬೆಲ್‌ಫಾಸ್ಟಿನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ಹೊಸ ಕಟ್ಟಡ ತೆರೆದದ್ದು 1903ರ ಜುಲೈ 27ರಂದು, ದೊರೆ ಏಳನೇ ಎಡ್ವರ್ಡ್ ಮತ್ತು ರಾಣಿ ಅಲೆಕ್ಸಾಂಡ್ರಾ ಬಂದು ಉದ್ಘಾಟನೆ ಮಾಡಿದರು. ಹಣ ಕೂಡಿಸಲು ಓಡಾಡಿದವರಲ್ಲಿ ಮುಂದಾಳು ಮಾರ್ಗರೆಟ್ ಪಿರ್ರಿ. ಅವರ ಗಂಡ ವಿಲಿಯಂ ಪಿರ್ರಿ, ಮುಂದೆ ಟೈಟಾನಿಕ್ ಕಟ್ಟಿದ ಹಾರ್ಲೆಂಡ್ ಆ್ಯಂಡ್ ವೋಲ್ಫ್ ಹಡಗು ಕಂಪನಿಯ ಮುಖ್ಯಸ್ಥ. ಕಟ್ಟಡದ ನಕ್ಷೆ ಬರ್ಮಿಂಗ್‌ಹ್ಯಾಮಿನ ಹೆನ್‌ಮನ್ ಮತ್ತು ಕೂಪರ್ ಅವರದ್ದು. ಗಾಳಿಯ ಕೆಲಸಕ್ಕೆ ಡೇವಿಡ್‌ಸನ್ ಕಂಪನಿ.

ಆ ಕಾಲದಲ್ಲಿ ಆಸ್ಪತ್ರೆ ಅಂದ್ರೆ ಒಂದು ಪದ್ಧತಿ ಇತ್ತು. ಉದ್ದ ಉದ್ದ ವಾರ್ಡುಗಳು, ಎರಡು ವಾರ್ಡಿನ ನಡುವೆ ಅಂಗಳ, ಎರಡೂ ಕಡೆ ಸಾಲು ಕಿಟಕಿ. ಕಿಟಕಿ ತೆರೆದರೆ ಗಾಳಿ ಅಡ್ಡ ಹಾಯಬೇಕು, ರೋಗ ಹೋಗಬೇಕು. ಫ್ಲಾರೆನ್ಸ್ ನೈಟಿಂಗೇಲ್ ಹೇಳಿಕೊಟ್ಟ ಪಾಠ ಅದು, ಒಳ್ಳೆಯ ಪಾಠವೇ. ಆದರೆ ಬೆಲ್‌ಫಾಸ್ಟಿನ ಚಳಿಗಾಲದಲ್ಲಿ ಕಿಟಕಿ ತೆರೆದರೆ ರೋಗಿ ನಡುಗಬೇಕು. ಸಾಲದ್ದಕ್ಕೆ ಸುತ್ತಲಿನ ಮಿಲ್ಲುಗಳ ಮಸಿ ಹಾಸಿಗೆಯ ಮೇಲೇ ಬಂದು ಕೂರಬೇಕು. ಹೆನ್‌ಮನ್ ಮತ್ತು ಕೂಪರ್ ಧೈರ್ಯ ಮಾಡಿ ವಾರ್ಡುಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟರು. ನಡುವೆ ಅಂಗಳವೂ ಇಲ್ಲ, ಪಕ್ಕದ ಗೋಡೆಗಳಲ್ಲಿ ಕಿಟಕಿಯೂ ಇಲ್ಲ. ಬೆಳಕಿಗೆ ಮೇಲ್ಛಾವಣಿಯ ಗಾಜು. ಗಾಳಿಗೆ? ನೆಲದಡಿಯಲ್ಲಿ, ಉದ್ದದ ಕಾರಿಡಾರಿನ ಕೆಳಗೆ, ಮನುಷ್ಯ ನಡೆದುಹೋಗುವಷ್ಟು ದೊಡ್ಡ ಇಟ್ಟಿಗೆಯ ಸುರಂಗ. ಅದರ ಒಂದು ತುದಿಯಲ್ಲಿ ಉಗಿ ಎಂಜಿನ್ ತಿರುಗಿಸುವ ಫ್ಯಾನುಗಳು. ಸುರಂಗದಿಂದ ಪ್ರತಿ ವಾರ್ಡಿಗೂ ಕವಲು. ಗಾಳಿ ಬಿಸಿ ಮಾಡಲು ಉಗಿಯ ಕೊಳವೆಗಳು. ನಾವೀಗ ಸೆಂಟ್ರಲ್ ಎಸಿ ಅಂತ ಕರೆಯುವುದರ ಇಡೀ ಅಸ್ಥಿಪಂಜರ ಅಲ್ಲಿದೆ. ನಕ್ಷೆ ಮೊದಲ ಸಲ ನೋಡಿದಾಗ ನನಗೆ ನಮ್ಮ ಬೇಸ್‌ಮೆಂಟೇ ಕಣ್ಣಮುಂದೆ ಬಂತು.

ಮತ್ತೆ ಒಂದು ವಿವರ ಇದೆ. ಕರಾವಳಿಯವನಾದ ನನಗೆ ಅದರ ಮೇಲೆ ವಿಶೇಷ ಪ್ರೀತಿ. ಹೊರಗಿನ ಗಾಳಿ ಫ್ಯಾನಿಗೆ ಹೋಗುವ ದಾರಿಯಲ್ಲಿ ಹಗ್ಗಗಳ ಪರದೆ ಇಳಿಬಿಟ್ಟಿದ್ದರು. ತೆಂಗಿನ ನಾರಿನ ಹಗ್ಗ. ನಮ್ಮಲ್ಲಿ ಬಾವಿ ರಾಟೆಗೆ ಹಾಕುವ ಕತ್ತದ ಹಗ್ಗ ಇದೆಯಲ್ಲ, ಅದೇ ನಾರು. ಅದರ ಮೇಲೆ ನೀರು ಇಳಿಯುತ್ತಿತ್ತು. ಒದ್ದೆ ನಾರಿನ ನಡುವೆ ನುಸುಳುವಾಗ ಗಾಳಿಯ ಮಸಿ ನಾರಿಗೆ ಅಂಟುತ್ತದೆ, ಗಾಳಿಗೆ ತೇವ ಸೇರುತ್ತದೆ. ಕತ್ತದ ಹಗ್ಗ ನೀರಲ್ಲಿ ಬೇಗ ಕೊಳೆಯುವುದಿಲ್ಲ ಅನ್ನುವುದು ನಮ್ಮ ಮೀನುಗಾರರಿಗೂ ದೋಣಿಯವರಿಗೂ ಗೊತ್ತು. ತೆಂಗೇ ಬೆಳೆಯದ ಊರಿನ ಆಸ್ಪತ್ರೆಯಲ್ಲಿ ಗಾಳಿ ತೊಳೆಯುವ ಕೆಲಸ ಆ ನಾರಿಗೆ ಸಿಕ್ಕಿತ್ತು!

ತೇವ ಯಾಕೆ ಬೇಕು ಅಂತ ನಮ್ಮ ಕಡೆಯವರು ಕೇಳಬಹುದು. ನಮಗೆ ತೇವವೇ ಶತ್ರು. ಏಪ್ರಿಲ್ ಬಂದರೆ ಸೆಕೆ, ಅಂಗಿ ಮೈಗೆ ಅಂಟುತ್ತದೆ, ಒಗೆದ ಬಟ್ಟೆ ಒಣಗುವುದಿಲ್ಲ. ಅಲ್ಲಿನ ಲೆಕ್ಕ ತಿರುಗುಮುರುಗು. 5 ಡಿಗ್ರಿಯ ಚಳಿ ಗಾಳಿ ಎಷ್ಟೇ ಮಂಜು ತುಂಬಿಕೊಂಡಿದ್ದರೂ ಅದರಲ್ಲಿರುವ ನೀರು ಸ್ವಲ್ಪವೇ. ಅದನ್ನು ಸುಮ್ನೆ 20 ಡಿಗ್ರಿಗೆ ಬಿಸಿ ಮಾಡಿದರೆ ಅದರ ಸಾಪೇಕ್ಷ ತೇವಾಂಶ (ಗಾಳಿ ಹಿಡಿದುಕೊಳ್ಳಬಲ್ಲ ನೀರಿನಲ್ಲಿ ಎಷ್ಟು ಪಾಲು ಇದೆ ಅನ್ನುವ ಲೆಕ್ಕ) ಶೇ 37ರ ಆಸುಪಾಸಿಗೆ ಇಳಿದುಬಿಡುತ್ತದೆ. ಮೂಗು ಗಂಟಲು ಒಣಗುತ್ತದೆ. ಹಾಗಾಗಿ ಬಿಸಿ ಮಾಡಿದಷ್ಟೂ ನೀರು ಸೇರಿಸಬೇಕು. ಅದನ್ನು ಲೆಕ್ಕ ಇಟ್ಟು, ಅಳೆದು, ಬೇಕಾದಷ್ಟೇ ಸೇರಿಸುವ ಪ್ರಯತ್ನ ಆ ಆಸ್ಪತ್ರೆಯಲ್ಲಿ ನಡೆಯಿತು. ಅದಕ್ಕೇ ಜಗತ್ತಿನಲ್ಲಿ ಮೊದಲು ಹವಾನಿಯಂತ್ರಣ ಪಡೆದ ಕಟ್ಟಡಗಳಲ್ಲಿ ಅದೂ ಒಂದು ಅಂತ ಕಟ್ಟಡಗಳ ಇತಿಹಾಸ ಬರೆಯುವವರು ಒಪ್ಪುತ್ತಾರೆ.

ಅಲ್ಲಿ ಕಂಪ್ರೆಸರ್ ಇರಲಿಲ್ಲ, ಗ್ಯಾಸ್ ಇರಲಿಲ್ಲ, ತಣಿಸುವ ಯಂತ್ರವೇ ಇರಲಿಲ್ಲ, ಮತ್ತೆ ಅದು ಎಸಿ ಹೇಗಾಗುತ್ತದೆ ಅಂತ ನಿಮ್ಮ ಲೇಖಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ತಣಿಸಿ ತೇವ ತೆಗೆಯುವ ಕೆಲಸ ಕ್ಯಾರಿಯರ್‌ದೇ, ಅದನ್ನು ಅವರಿಂದ ಕಿತ್ತುಕೊಳ್ಳುವ ಮಾತಿಲ್ಲ. ಆದರೆ ಗಾಳಿಯನ್ನು ಸೋಸುವುದು, ಹದಕ್ಕೆ ಬಿಸಿ ಮಾಡುವುದು, ತೇವ ಅಳತೆಗೆ ತರುವುದು, ಹಳೆ ಗಾಳಿ ಹೊರಹಾಕಿ ಹೊಸ ಗಾಳಿ ತುಂಬುವುದು, ಇವೆಲ್ಲ ಬೆಲ್‌ಫಾಸ್ಟಿನಲ್ಲಿದ್ದವು. ಮುಖ್ಯವಾದ ಮಾತು ಇನ್ನೊಂದು. ಬ್ರೂಕ್ಲಿನ್‌ನಲ್ಲಿ ಕ್ಯಾರಿಯರ್ ಗಾಳಿ ಸರಿಪಡಿಸಿದ್ದು ಕಾಗದಕ್ಕಾಗಿ. ಬೆಲ್‌ಫಾಸ್ಟಿನಲ್ಲಿ ಸರಿಪಡಿಸಿದ್ದು ಮಲಗಿದ್ದ ರೋಗಿಗಳಿಗಾಗಿ. ಇಷ್ಟಿದ್ದರೂ ಲೇಖನದಲ್ಲಿ ಬೆಲ್‌ಫಾಸ್ಟಿಗೆ ಒಂದು ಸಾಲು ಕೂಡ ಸಿಗಲಿಲ್ಲ ಅನ್ನುವುದು ನನ್ನ ಬೇಸರ.

ಒದ್ದೆ ಪರದೆಯ ಮೂಲಕ ಗಾಳಿ ಬಿಡುವುದು ಭಾರತದಲ್ಲಿ ಅದಕ್ಕೂ ಹಳೆಯದು. ಬೇಸಿಗೆಯಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಬ್ರಿಟಿಷರ ಬಂಗಲೆಗಳಲ್ಲಿ ಥರ್ಮಾಂಟಿಡೋಟ್ ಎಂಬ ಪೆಟ್ಟಿಗೆ ಇರುತ್ತಿತ್ತು. ಬದಿಗೆ ಒದ್ದೆ ಲಾವಂಚ, ಒಳಗೆ ಫ್ಯಾನು, ಆ ಫ್ಯಾನು ತಿರುಗಿಸಲು ಹೊರಗೆ ಬಿಸಿಲಲ್ಲಿ ನಿಂತ ಒಬ್ಬ ಆಳು. ರಾಯಚೂರು, ಕಲಬುರಗಿಯ ಒಣ ಬಿಸಿಲಿನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಅದಕ್ಕೇ ಅಲ್ಲಿ ಮನೆಮನೆಯಲ್ಲಿ ಕೂಲರ್. ಮಂಗಳೂರಿನಲ್ಲಿ ಕೂಲರ್ ಇಟ್ಟರೆ ಸೆಕೆಗೆ ಇನ್ನಷ್ಟು ಸೆಕೆ ಸೇರಿಸಿದ ಹಾಗೆ. ಒಂದೇ ಯಂತ್ರ ಎಲ್ಲ ಊರಿಗೂ ಆಗುವುದಿಲ್ಲ.

ನಮ್ಮ ಪ್ಲಾಂಟಿನ ಒಂದು ಘಟನೆ ಹೇಳಬೇಕು. ಬ್ಲೋವರ್ ಎಷ್ಟು ಮುಖ್ಯ ಅಂತ ಅದರಿಂದ ಗೊತ್ತಾಗುತ್ತದೆ. ಒಂದು ರಾತ್ರಿ ಕಂಟ್ರಾಕ್ಟರ್ ಕಡೆಯ ಹುಡುಗರು ಬಂದು ಹಳೆ ವಿದ್ಯುತ್ ಪ್ಯಾನೆಲ್ ತೆಗೆದು ಹೊಸದು ಕೂರಿಸಿದರು. ಬೆಳಿಗ್ಗೆ ಆಪರೇಶನ್ ಥಿಯೇಟರಿನಿಂದ ಫೋನು. "ಏನ್ರೀ, ಗಾಳಿನೇ ಬರ್ತಿಲ್ವಲ್ಲ, ಗ್ಯಾಸ್ ಖಾಲಿಯಾಗಿದ್ಯಾ?" ಜನ ಎಸಿ ಕೆಟ್ಟರೆ ಮೊದಲು ಕೇಳುವುದೇ ಗ್ಯಾಸ್. ನಾವು ಚಿಲ್ಲರ್ ನೋಡಿದೆವು, ಸರಿ ಇದೆ. ನೀರಿನ ಪಂಪ್ ನೋಡಿದೆವು, ಸರಿ ಇದೆ. ಗಾಳಿ ತಣಿಸುವ ಕೊಳವೆ ಸುರುಳಿಗೆ, ಅಂದರೆ ಕಾಯಿಲಿಗೆ, ಹೋಗುವ ಪೈಪು ಮುಟ್ಟಿದರೆ ಕೈ ಸೆಟೆಯುವಷ್ಟು ತಂಪು. ವಾಪಸ್ ಬರುವ ಪೈಪೂ ಹೆಚ್ಚುಕಡಿಮೆ ಅಷ್ಟೇ ತಂಪು. ಅಂದರೆ ತಣ್ಣೀರು ಬಂದು ಹಾಗೇ ಮರಳುತ್ತಿದೆ, ಅದರ ತಂಪನ್ನು ಹೊತ್ತೊಯ್ಯಲು ಗಾಳಿ ಇಲ್ಲ.

ನಮ್ಮಲ್ಲಿ ಒಬ್ಬರು ಹಿರಿಯ ಎಲೆಕ್ಟ್ರಿಷಿಯನ್ ಇದ್ದರು. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. ಅವರು ಎ.ಎಚ್.ಯು. ಕೋಣೆಗೆ ಬಂದು ಏನೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಸದ್ದು ಕೇಳಿದರು. ಆಮೇಲೆ ಬೆಲ್ಟ್ ಗಾರ್ಡಿನ ಜಾಲರಿಗೆ ಟಾರ್ಚ್ ಹಿಡಿದು ಪುಲ್ಲಿ ನೋಡಿದರು. ಬ್ಲೋವರಿನ ತಗಡಿನ ಮೈಮೇಲೆ ಕೆಂಪು ಬಣ್ಣದ ಬಾಣದ ಗುರುತು ಇರುತ್ತದೆ, ತಿರುಗಬೇಕಾದ ದಿಕ್ಕು ತೋರಿಸಲು. ಪುಲ್ಲಿ ಅದಕ್ಕೆ ವಿರುದ್ಧವಾಗಿ ಓಡುತ್ತಿತ್ತು. "ಫೇಸ್ ಅದಲುಬದಲು ಮಾಡಿದ್ದಾರೆ ಮಾರಾಯ್ರೆ" ಅಂದರು. ಮೋಟರಿಗೆ ಕರೆಂಟ್ ತರುವ ಮೂರು ಫೇಸ್ ವೈರಿನಲ್ಲಿ ಎರಡನ್ನು ಬದಲಿಸಿ ಕೊಟ್ಟ ತಕ್ಷಣ ಡಕ್ಟಿನ ಕ್ಯಾನ್ವಾಸ್ ಉಬ್ಬಿ ನಿಂತಿತು.

ಈ ಜಾತಿಯ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಹಿಂದಕ್ಕೆ ಹೋಗುವುದಿಲ್ಲ. ಬರಬೇಕಾದ ಕಡೆಗೇ ಬರುತ್ತದೆ, ಆದರೆ ತೀರಾ ಸೊರಗಿ ಬರುತ್ತದೆ. ಅದಕ್ಕೇ ಕಂಡುಹಿಡಿಯುವುದು ಕಷ್ಟ. ಪಟ್ಟಿಗಳ ಬಾಗು ಗಾಳಿಯನ್ನು ಚಿಮ್ಮಿಸುವ ಬದಲು ಬೆನ್ನು ತೋರಿಸಿ ಸವರುತ್ತದೆ ಅಷ್ಟೇ. ಅದೇ ಬೊಗಸೆಯಲ್ಲಿ ಧೂಳು ಮೆತ್ತಿಕೊಂಡರೂ ಕಥೆ ಅದೇ. ಫಿಲ್ಟರ್ ತೊಳೆಯದೆ ಬಿಟ್ಟರೆ ಧೂಳು ಕೂತು ಬಾಗು ಮುಚ್ಚಿಹೋಗುತ್ತದೆ, ಗಾಳಿ ಇಳಿಯುತ್ತದೆ, ಚಕ್ರದ ತೂಕ ಏರುಪೇರಾಗಿ ನಡುಗುತ್ತದೆ. ಹೆಲ್ಪರ್ ಆಗಿದ್ದ ದಿನಗಳಲ್ಲಿ ಹಳೆ ಬ್ರಷ್ಷು, ಸೋಪಿನ ನೀರು ಹಿಡಿದು ಒಂದೊಂದೇ ಪಟ್ಟಿ ಉಜ್ಜಿದ್ದೇನೆ. ಡೇವಿಡ್‌ಸನ್ ಹೆಸರು ಗೊತ್ತಾದದ್ದು ಆಮೇಲೆ. ಆದರೆ ಆ ಬಾಗಿನ ಬೆಲೆ ಬೆರಳಿಗೆ ಆಗಲೇ ಗೊತ್ತಿತ್ತು.

ಕಂಪನಿಯ ಮುಂದಿನ ಕಥೆಯನ್ನೂ ಚುಟುಕಾಗಿ ಹೇಳುತ್ತೇನೆ. ಡೇವಿಡ್‌ಸನ್ ಮಗ ಜೇಮ್ಸ್ ಮೊದಲ ಮಹಾಯುದ್ಧಕ್ಕೆ ಹೋಗಿ 1916ರ ಜುಲೈ 1ರಂದು, ಸೋಮ್ ಕದನದ ಮೊದಲ ದಿನವೇ ಪ್ರಾಣ ಬಿಟ್ಟ. ತಂದೆಗೆ 1921ರಲ್ಲಿ ಸರ್ ಪದವಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಕಂಪನಿ ನಿಲ್ಲಲಿಲ್ಲ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಟೀ ಯಂತ್ರಗಳ ಲೋಕದಲ್ಲಿ ಅದಕ್ಕೆ ಸರಿಸಾಟಿ ಇರಲಿಲ್ಲ. ಫ್ಯಾನ್ ವ್ಯಾಪಾರವೂ ಬೆಳೆಯಿತು. ಆಮೇಲೆ ಬ್ರಿಟನ್ನಿನ ಎಷ್ಟೋ ಹಳೆ ಕಾರ್ಖಾನೆಗಳ ಹಾಗೆ ಇದೂ ಸೊರಗಿತು. 1980ರ ದಶಕದಲ್ಲಿ ಸ್ಕಾಟ್ಲೆಂಡಿನ ಹೌಡನ್ ಕಂಪನಿಯ ಕೈಗೆ ಹೋಯಿತು. ಲಗಾನ್ ದಂಡೆಯ ಕಾರ್ಖಾನೆ ಮುಚ್ಚಿ, ಕಟ್ಟಡಗಳನ್ನು ಕೆಡವಿದರು. ಆಸ್ಪತ್ರೆ ಮಾತ್ರ ಈಗಲೂ ನಡೆಯುತ್ತಿದೆ. ಹಳೆ ಕಟ್ಟಡದ ಒಂದಷ್ಟು ಭಾಗವೂ ಉಳಿದಿದೆ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಅಂದ್ರೆ, ಬೆಲ್‌ಫಾಸ್ಟಿನವರು ಮೊದಲು ಯೋಚಿಸಿದ್ದನ್ನೇ ನಾವು ಕೊನೆಗೆ ಇಟ್ಟಿದ್ದೇವೆ. ಅವರು ಕಟ್ಟಡಕ್ಕೆ ಪಾಯ ತೆಗೆಯುವ ಮುಂಚೆ ಗಾಳಿಯ ಸುರಂಗ ಎಲ್ಲಿ ಅಂತ ನಿರ್ಧರಿಸಿದರು. ನಮ್ಮಲ್ಲಿ ಕಟ್ಟಡ ಎದ್ದು, ಟೈಲ್ಸ್ ಹಾಕಿ, ಫಾಲ್ಸ್ ಸೀಲಿಂಗ್ ಮುಗಿದ ಮೇಲೆ "ಎಸಿ ಎಷ್ಟು ಟನ್ ಬೇಕು?" ಅಂತ ಫೋನು ಬರುತ್ತದೆ. ಟನ್ ಅಂದ್ರೆ ತಂಪಿನ ಲೆಕ್ಕ. ಗಾಳಿಯ ಲೆಕ್ಕ ಕೇಳುವವರೇ ಇಲ್ಲ.

ಗೋಡೆಯ ಸ್ಪ್ಲಿಟ್ ಎಸಿ ಏನು ಮಾಡುತ್ತದೆ ಗೊತ್ತಲ್ವಾ? ಸಾಮಾನ್ಯವಾಗಿ ಅದು ಹೊರಗಿನಿಂದ ಒಂದು ಹಿಡಿ ಗಾಳಿಯನ್ನೂ ತರುವುದಿಲ್ಲ. ಹೊರಗಿನ ಯೂನಿಟ್ಟಿಗೂ ಒಳಗಿನ ಯೂನಿಟ್ಟಿಗೂ ನಡುವೆ ಓಡುವುದು ಗ್ಯಾಸ್ ಮಾತ್ರ. ಕೋಣೆಯ ಗಾಳಿಯನ್ನೇ ಎಳೆದು, ತಣಿಸಿ, ಅದೇ ಕೋಣೆಗೆ ಬಿಡುತ್ತದೆ. ಮನೆಯಲ್ಲಿ ಇಬ್ಬರು ಮಲಗುವ ಕೋಣೆಗೆ ಬಾಗಿಲ ಸಂದಿಯಿಂದ ಬರುವುದರಲ್ಲೇ ಹೇಗೋ ನಡೆಯುತ್ತದೆ. ಆದರೆ ನಾನು ನೋಡಿದ ಒಂದು ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಕುರ್ಚಿಗಳು ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ತುಂಬಿದ್ದವು. ಗಾಜಿನ ಬಾಗಿಲು ಮುಚ್ಚಿತ್ತು, ಗೋಡೆಯಲ್ಲಿ ಎರಡು ಸ್ಪ್ಲಿಟ್ ಎಸಿ, ಕಿಟಕಿಗೆ ಸಿಲಿಕಾನ್ ಹಾಕಿ ಸೀಲ್ ಮಾಡಿದ್ದರು. ಎಕ್ಸಾಸ್ಟ್ ಫ್ಯಾನ್ ಇತ್ತು, ಅದಕ್ಕೂ ಸದ್ದಾಗುತ್ತದೆ ಅಂತ ಟೇಪ್ ಅಂಟಿಸಿದ್ದರು. ಕೆಮ್ಮುವವರು ಕೆಮ್ಮುತ್ತಿದ್ದರು, ಕೈಗೂಸು ಹಿಡಿದ ತಾಯಂದಿರು ಪಕ್ಕದಲ್ಲೇ ಕೂತಿದ್ದರು. ಕೋಣೆ ತಂಪಾಗಿತ್ತು, ಯಾರೂ ದೂರು ಹೇಳಲಿಲ್ಲ. ಕೋವಿಡ್ ಕಂಡ ಮೇಲೂ ನಾವು ಹೀಗಿದ್ದೇವೆ ಅನ್ನುವುದು ನನಗೆ ನಿಜವಾಗಿ ನೋವಿನ ಸಂಗತಿ.

ಡಕ್ಟ್ ಎಸಿ ಇರುವಲ್ಲೂ ಸಮಾಧಾನ ಇಲ್ಲ. ಫ್ರೆಶ್ ಏರ್ ಅಂತ ಒಂದು ಡ್ಯಾಂಪರ್, ಅಂದರೆ ತೆರೆದು ಮುಚ್ಚುವ ಬಾಗಿಲು, ಕೊಟ್ಟಿರುತ್ತಾರೆ, ಹೊರಗಿನ ಗಾಳಿ ಸ್ವಲ್ಪ ಒಳಗೆ ಬರಲಿ ಅಂತ. ಕರಾವಳಿಯ ತೇವದ ಗಾಳಿಯನ್ನು ತಣಿಸಲು ಕರೆಂಟ್ ಜಾಸ್ತಿ ಬೇಕು. ಬಿಲ್ ಉಳಿಸಲು ಮೊದಲು ಮುಚ್ಚುವುದೇ ಆ ಡ್ಯಾಂಪರ್. ಎಷ್ಟೋ ಕಡೆ ಅದರ ಹಿಡಿಕೆ ತುಕ್ಕು ಹಿಡಿದು ಮುಚ್ಚಿದ ಜಾಗದಲ್ಲೇ ಕಚ್ಚಿಕೊಂಡಿರುವುದನ್ನು ನೋಡಿದ್ದೇನೆ. ಖರ್ಚು ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಹೊರಗೆ ಹೋಗುವ ತಣ್ಣನೆ ಗಾಳಿಯಿಂದ ಒಳಗೆ ಬರುವ ಬಿಸಿ ಗಾಳಿಯನ್ನು ತಣಿಸಿಕೊಳ್ಳುವ ಚಕ್ರಗಳು ಈಗ ಮಾರುಕಟ್ಟೆಯಲ್ಲಿ ಸಿಗುತ್ತವೆ. ಕಟ್ಟಡ ಕಟ್ಟುವಾಗಲೇ ಯೋಚಿಸಿದರೆ ಅದಕ್ಕೆ ಜಾಗ ಇರುತ್ತದೆ. ಆಮೇಲೆ ತುರುಕಲು ಹೋದರೆ ಜಾಗವೂ ಇಲ್ಲ, ದುಡ್ಡೂ ಇಲ್ಲ.

ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಪಾಠ ಮಾಡುವವರಿಗೂ ಒಂದು ಮಾತು. ಫ್ರಿಜ್ ಮತ್ತು ಎಸಿ ಟ್ರೇಡಿನ ಹುಡುಗರು ಕಂಪ್ರೆಸರ್, ಗ್ಯಾಸ್ ಚಾರ್ಜಿಂಗ್, ಬ್ರೇಜಿಂಗ್ ಚೆನ್ನಾಗಿ ಕಲಿತು ಬರುತ್ತಾರೆ. ಗಾಳಿ ಅಳೆಯುವುದು ಅವರಿಗೆ ಗೊತ್ತಿರುವುದಿಲ್ಲ. ಗ್ರಿಲ್ಲಿನ ಎದುರು ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಹಿಡಿದು ಎಷ್ಟು ಗಾಳಿ ಬರುತ್ತಿದೆ ಅಂತ ಲೆಕ್ಕ ಹಾಕಲು ಹೇಳಿಕೊಡಿ. ಒಂದು ಹಳೆ ಬ್ಲೋವರ್ ತಂದು, ಬೇಕೆಂದೇ ಉಲ್ಟಾ ತಿರುಗಿಸಿ ತೋರಿಸಿ. ಜೊತೆಗೆ ಕಾಚಾರ್‌ನ ಟೀ ತೋಟದ ಕಥೆಯನ್ನೂ ಹೇಳಿ. ಮಕ್ಕಳಿಗೆ ಅದು ತಲೆಯಲ್ಲಿ ಉಳಿಯುತ್ತದೆ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಪುರವಣಿಯ ಮುಂದಿನ ಯಾವುದಾದರೂ ಸಂಚಿಕೆಯಲ್ಲಿ ಬೆಲ್‌ಫಾಸ್ಟಿನ ಆಸ್ಪತ್ರೆ ಮತ್ತು ಡೇವಿಡ್‌ಸನ್ ಬಗ್ಗೆ ಚಿತ್ರಸಹಿತ ಲೇಖನ ಬರೆಸಿ. ಆ ಫ್ಯಾನ್ ಚಕ್ರದ ಚಿತ್ರ ಖಂಡಿತ ಇರಲಿ. ಎರಡನೆಯದು, ನಮ್ಮ ಜಿಲ್ಲೆಯಲ್ಲಿ ಈಗ ಹೊಸ ಆಸ್ಪತ್ರೆ, ನರ್ಸಿಂಗ್ ಹೋಮ್, ಕೋಚಿಂಗ್ ಸೆಂಟರ್ ಕಟ್ಟುತ್ತಿರುವವರನ್ನು ನಿಮ್ಮ ವರದಿಗಾರರು ಭೇಟಿಯಾದಾಗ ಎಷ್ಟು ಬೆಡ್, ಎಷ್ಟು ಸೀಟು, ಎಷ್ಟು ಕೋಟಿ ಅಂತ ಕೇಳುತ್ತಾರಲ್ಲ, ಅದರ ಜೊತೆಗೆ ಹೊರಗಿನ ಗಾಳಿ 1 ಗಂಟೆಗೆ ಎಷ್ಟು ಸಲ ಒಳಗೆ ತುಂಬುತ್ತದೆ, ಅದರ ಫಿಲ್ಟರ್ ಯಾರು, ಎಷ್ಟು ದಿನಕ್ಕೊಮ್ಮೆ ತೊಳೆಯುತ್ತಾರೆ ಅಂತಲೂ ಕೇಳಿಸಿ. ಅವರು ಕೊಟ್ಟ ಉತ್ತರವನ್ನು ಹೆಸರು ಸಮೇತ ಪ್ರಕಟಿಸಿ.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ಎಸಿ ಪ್ಲಾಂಟ್ ಮೇಲ್ವಿಚಾರಕ, ಮಂಗಳೂರು